ಅವ್ವನ ಹಚ್ಚೆ ಮತ್ತು ನಾಲ್ಕು ಕಣ್ಣಿನ ಫೋನು

ಇತ್ತೀಚೆಗೆ ಯಾವ ಸಾಮಾನೂ ತನ್ನ ವಂಶಾವಳಿ ಹೇಳಿಕೊಳ್ಳದೆ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ನಾನು ಚಿಕ್ಕವನಿದ್ದಾಗ ಮಡಕೆ ಕೊಂಡರೆ ಬರೀ ಮಡಕೆ ಬರುತ್ತಿತ್ತು, ಕಂಬಳಿ ಕೊಂಡರೆ ಬರೀ ಕಂಬಳಿ. ಕುಂಬಾರನ ತಾತ ಎಷ್ಟು ಕಷ್ಟಪಟ್ಟ ಎಂದು ನಾವು ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಬೆರಳಲ್ಲಿ ತಟ್ಟಿ ನೋಡಿ, ಟಣ್ ಎಂದರೆ ತರುತ್ತಿದ್ದೆವು, ಇಲ್ಲದಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆವು. ಈಗ ಟೀಪುಡಿ ಪೊಟ್ಟಣದ ಹಿಂದೆ ಅದನ್ನು ಶುರು ಮಾಡಿದವನ ಬಾಲ್ಯವಿರುತ್ತದೆ, ಉಪ್ಪಿನಕಾಯಿ ಶೀಶೆಯ ಮೇಲೆ ಯಾರದೋ ಅಜ್ಜಿ ನಗುತ್ತಿರುತ್ತಾಳೆ. ಇದನ್ನೆಲ್ಲ ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಕೈಯಲ್ಲಿರುವ ಈ ಫೋನನ್ನು ನಾನು ಅದರ ಗುಣ ನೋಡಿ ಕೊಂಡವನಲ್ಲ, ಕಥೆ ಕೇಳಿ ಕೊಂಡವನು. ಕಥೆ ಕೇಳುತ್ತಾ ಕಣ್ಣಲ್ಲಿ ನೀರು ಬೇರೆ ತಂದುಕೊಂಡಿದ್ದೆ.

ಕಥೆ ಹೇಳಿದವನು ನನ್ನ ಬಾಮೈದ ಲೋಕೇಶ. ಮಧುಗಿರಿಯ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಮೊಬೈಲ್ ಅಂಗಡಿ ಇದೆ. ಇಬ್ಬರು ಗಿರಾಕಿ ಒಳಗೆ ಬಂದರೆ ಮೂರನೆಯವನು ಮೆಟ್ಟಿಲ ಮೇಲೆ ನಿಂತೇ ಕವರು ಆರಿಸಬೇಕು, ಅಷ್ಟು ವಿಶಾಲ. ಕಂಪನಿಯವರು ಹೊಸ ಫೋನುಗಳನ್ನು ಬಿಡುಗಡೆ ಮಾಡುವಾಗ ತಾಲ್ಲೂಕಿಗೊಬ್ಬ ಅಂಗಡಿಯವನನ್ನು ಬೆಂಗಳೂರಿನ ದೊಡ್ಡ ಹೋಟೆಲಿಗೆ ಕರೆಸಿಕೊಂಡರಂತೆ. ಶಿರಾದಿಂದ ಒಬ್ಬ, ಪಾವಗಡದಿಂದ ಒಬ್ಬ, ಕೊರಟಗೆರೆಯಿಂದ ಒಬ್ಬ, ಮಧುಗಿರಿಯಿಂದ ನಮ್ಮ ಲೋಕೇಶ. ಹೋಗುವಾಗ ಅಂಗಡಿಯವನಾಗಿ ಹೋದ, ಬರುವಾಗ ಹರಿದಾಸನಾಗಿ ಬಂದ. ಬಂದವನೇ ಅಕ್ಕನ ಮನೆಯ ನಡುಮನೆಯಲ್ಲಿ ಕೂತು ಕಥೆಗೆ ಶುರುವಿಟ್ಟ. ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪುಕ್ಕಟೆ ಜಾಹೀರಾತಾಗುತ್ತದೆ, ನನ್ನಿಂದ ಅವರಿಗೆ ಆಗಿರುವ ಲಾಭವೇ ಸಾಕು.

"ದೂರದ್ ದೇಶ ಭಾವ, ಸಮುದ್ರದ ದಡದಾಗೆ ಒಂದು ಸಣ್ಣೂರು," ಎಂದ. "ಆ ಕಂಪ್ನಿ ಕಟ್ಟಿದ್ನಲ್ಲ, ಅವ್ರಪ್ಪ ಬ್ಯಾಗ ತೀರ್ಕಂಬುಟ್ಟ. ಅವ್ರಮ್ಮ ಒಂದು ತಗಡಿನ ಶೆಡ್ಡಿನಾಗೆ ಕೈಗನ್ನಡಿ ಮಾಡೋಳು. ಬುಟ್ಟಿನಾಗಿಟ್ಕಂಡು ಬೀದಿ ಬೀದಿ ಮಾರೋಳು. ಮಗ ಕೂತ್ಕಂಡು ಗಾಜು ಉಜ್ಜೋನು. ಅಲ್ಲಿಂದ ವಾಚಿನ ಗಾಜು. ಅಲ್ಲಿಂದ ಕನ್ನಡಕ. ಅಲ್ಲಿಂದ ಕ್ಯಾಮೆರಾ. ಅಲ್ಲಿಂದ ಫೋನು!" ಒಂದೊಂದು 'ಅಲ್ಲಿಂದ'ಕ್ಕೂ ಅವನ ಕೈ ಒಂದೊಂದು ಗೇಣು ಮೇಲೆ ಹೋಗಿ, 'ಫೋನು' ಎನ್ನುವಷ್ಟರಲ್ಲಿ ಫ್ಯಾನಿಗೆ ತಗಲುವಂತಾಗಿತ್ತು. ತಗಡಿನ ಶೆಡ್ಡು ಎಂದಕೂಡಲೇ ನನಗೆ ಮಿಡಿಗೇಶಿ ಹತ್ತಿರದ ನಮ್ಮ ಹಟ್ಟಿ ನೆನಪಾಯಿತು. ನಮ್ಮ ದೊಡ್ಡಪ್ಪನೂ ಕುರಿಗಳ ಜೊತೆ ತಗಡಿನ ಶೆಡ್ಡಿನಲ್ಲೇ ಜೀವನ ತೆಗೆದವನು. ಅಲ್ಲಿಂದ ಅವನು ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಇದ್ದ. ಅವನ ಕಥೆಯನ್ನು ಯಾವ ಹೋಟೆಲಿನಲ್ಲೂ ಯಾರೂ ಹೇಳುವುದಿಲ್ಲ.

ಕಥೆಯ ಮುಖ್ಯ ಭಾಗ ಇನ್ನು ಮುಂದಿತ್ತು. ಹೋಟೆಲಿನಲ್ಲಿ ದೀಪವೆಲ್ಲ ಆರಿಸಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆ ತಾಯಿಯ ಫೋಟೋ ತೋರಿಸಿದರಂತೆ. ಮುಖದ ತುಂಬಾ ಸುಕ್ಕು. ಕೆನ್ನೆಯ ಮೇಲೆ ಕಾದ ಗಾಜು ಸಿಡಿದು ಆಗಿದ್ದ ಕಲೆ. ಸಾಯುವ ಮುಂಚೆ ಮಗನನ್ನು ಕರೆದು, "ಕನ್ನಡಿ ಸುಳ್ಳು ಹೇಳಬಾರದು ಮಗನೇ, ಇದ್ದದ್ದನ್ನು ಇದ್ದ ಹಾಗೇ ತೋರಿಸಬೇಕು" ಎಂದಿದ್ದಳಂತೆ. ಅದೇ ಕಂಪನಿಯ ಮೂಲಮಂತ್ರವಂತೆ. "ಪಾವಗಡದೋನು ಗೊಳೋ ಅಂತ ಅತ್ಬುಟ್ಟ ಭಾವ," ಎಂದ ಲೋಕೇಶ. ಅಷ್ಟರಲ್ಲಿ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ಮಾತ್ರ, "ಪಾಪ, ಆಯಮ್ಮಂಗೆ ಯಾರೂ ಮುಲಾಮು ಹಚ್ಲಿಲ್ವಾ?" ಎಂದು ಕೇಳಿ ಸುಲಿಯುವುದನ್ನು ಮುಂದುವರಿಸಿದಳು.

ಆ ವರ್ಷ ಕಂಪನಿ ಹಡೆದದ್ದು ಮೂರು ಫೋನು. ಒಂದು ತಮ್ಮ, ಒಂದು ಅಣ್ಣ, ಒಂದು ದೊಡ್ಡಣ್ಣ. ತಮ್ಮನಿಗೆ ಬೆನ್ನ ಮೇಲೆ ಎರಡು ಕಣ್ಣು, ಅಣ್ಣನಿಗೆ ಮೂರು, ದೊಡ್ಡಣ್ಣನಿಗೆ ನಾಲ್ಕು. ಹಿಂದಿನ ವರ್ಷ ಹುಟ್ಟಿದವು ಇನ್ನೂ ಗಟ್ಟಿಮುಟ್ಟಾಗಿದ್ದರೂ ಅವನ್ನು ಮುದುಕರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಕೊರಟಗೆರೆಯ ಸಹಕಾರ ಸಂಘದಲ್ಲಿ ಗುಮಾಸ್ತನಾಗಿರುವ ನನಗೆ ನಾಲ್ಕು ಕಣ್ಣಿನ ಫೋನು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಜಾತ ಕೇಳಿಯೇ ಕೇಳಿದಳು. ದಿನಾ ಪ್ರೈವೇಟ್ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತಾ ಹೋಗುವವನು ಒಂದು ಕೈಯಲ್ಲಿ ದೊಡ್ಡಣ್ಣನನ್ನು ಹಿಡಿದರೆ ಸುತ್ತಲಿನವರು ಒಂಚೂರು ಜಾಗ ಬಿಡುತ್ತಾರೆ ಎಂಬ ಆಸೆ ನನಗಿತ್ತು. ಅದನ್ನು ಹೆಂಡತಿಗೆ ಹೇಳಲಾಗುತ್ತದೆಯೇ? "ಅವ್ವನ ಫೋಟೋ ಚೆನ್ನಾಗಿ ಬರುತ್ತೆ" ಎಂದೆ. ಬಾಯಿಗೆ ಬಂದ ಸುಳ್ಳು ಅದು. ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟೆ. ಅದರಲ್ಲಿ ಅವ್ವನವೂ ಕೆಲವು ಫೋಟೋ ಇದ್ದವು, ಮಸುಕು ಮಸುಕಾಗಿ. "ಅವನ್ನೇನ್ ಮಾಡ್ತೀರಾ ಭಾವ, ಹೊಸದ್ರಲ್ಲಿ ಬೇಕಾದಷ್ಟು ಹೊಡ್ಕಳಿ, ಅವ್ವ ಇಲ್ಲೇ ಅವ್ರಲ್ಲ," ಎಂದು ಲೋಕೇಶ ಎಲ್ಲವನ್ನೂ ಅಳಿಸಿ ಹಾಕಿದ. ನಾನು ತಲೆಯಾಡಿಸಿದೆ.

ಅವ್ವ ದೊಡ್ಡಣ್ಣನನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ಕೆ ಯಾಕ್ಲಾ ನಾಕು ಕಣ್ಣು? ಎರಡ್ರಾಗೆ ಕಂಡಿದ್ದೇ ಸಾಕಾಗೈತೆ ನಂಗೆ," ಎಂದಳು. ಆಮೇಲೆ ತಲೆಗೆ ಸೆರಗು ಹೊದ್ದು, ತುಟಿ ಬಿಗಿದುಕೊಂಡು, ಯಾರೋ ಸಾಕ್ಷಿ ಕೇಳಲು ಬಂದಿದ್ದಾರೇನೋ ಎಂಬಂತೆ ಕೂತಳು. ನಾನು ಹೊಡೆದೆ. ತೋರಿಸಿದರೆ, ಕಣ್ಣು ಕಿರಿದು ಮಾಡಿ ನೋಡಿ, "ಯಾರ್ಲಾ ಇವ್ಳು, ಬೆಳ್ಳಗವ್ಳೆ? ಸುಜಾತನ್ ಕಡೆಯೋಳಾ?" ಎಂದು ಕೇಳಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವ್ವನಿಗೆ ಕಣ್ಣು ಮಂಜಾಗಿದೆ ಎಂದುಕೊಂಡೆವು. ನಗುವವರ ನಡುವೆ ಅವಳೂ ಕೊನೆಗೆ ನಕ್ಕಳು.

ಮಾರನೆಯ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಜ್ವರ ಬಂತು, ಎದೆ ಕಟ್ಟಿತು, ಹೋಗಿಬಿಟ್ಟಳು. ಹೇಳಿಕೊಳ್ಳುವಂಥ ಕಾಯಿಲೆಯೂ ಅಲ್ಲ. ತಿಥಿಗೆ ಫೋಟೋ ಬೇಕೆಂದರು. ನನ್ನ ಫೋನಿನಿಂದಲೇ ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ತಂದೆವು. ಬಂದವರೆಲ್ಲ, "ಎಷ್ಟು ಲಕ್ಷಣವಾಗವ್ರೆ" ಎಂದರು. ನನಗೂ ದುಃಖದ ನಡುವೆ ಒಂದು ಬಗೆಯ ಹೆಮ್ಮೆ. ಅವ್ವನ ತಂಗಿ, ನಮ್ಮ ಚಿಕ್ಕವ್ವ ಸಿದ್ದಮ್ಮ, ಆ ದಿನ ಫೋಟೋದ ಮುಂದೆಯೇ ಬಿದ್ದು ಹೊರಳಾಡಿ ಅತ್ತಳು. ಆದರೆ ಆಗ ಅವಳಿಗೆ ಎರಡೂ ಕಣ್ಣಲ್ಲಿ ಪೊರೆ ಬೆಳೆದಿತ್ತು, ಫೋಟೋದ ಮೇಲೆ ಹಾರದ ಮೇಲೆ ಹಾರ ಬಿದ್ದಿತ್ತು. ಅವಳು ಅತ್ತದ್ದು ಹಾರಕ್ಕೆ.

ಈ ಸಲದ ಹಿರಿಯರ ಹಬ್ಬಕ್ಕೆ ಚಿಕ್ಕವ್ವ ಪೊರೆ ತೆಗೆಸಿಕೊಂಡು ಬಂದಳು. ಅವಳದು ಪಾವಗಡದ ಆಚೆ, ಕ್ಯಾತಗಾನಚೆರ್ಲಿನ ಕಡೆ. ಅವಳು ಕುರಿ ಮೇಯಿಸುತ್ತಿದ್ದ ಹೊಲದ ಮೇಲೆ ಈಗ ಸೋಲಾರ್ ಗಾಜುಗಳು ಸಾಲಾಗಿ ಮಲಗಿ ಬಿಸಿಲು ಮೇಯುತ್ತಿವೆ. ಹಬ್ಬದ ಕ್ರಮ ನಿಮಗೆ ಗೊತ್ತಿದ್ದೀತು. ಮಹಾಲಯದಲ್ಲಿ ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆ ಹಾಕಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಎಳೆದುಕೊಳ್ಳುತ್ತೇವೆ. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋದರೆ ಆಮೇಲೆ ನಮ್ಮ ಊಟ. ಅಂದು ಅವ್ವನ ಎಲೆಗೆ ಮುದ್ದೆ, ಬಾಡಿನ ಸಾರು, ಹುರುಳಿಕಾಳು, ಎಲೆ ಅಡಿಕೆ, ಒಂದು ಎಸಳು ಹೊಗೆಸೊಪ್ಪು ಎಲ್ಲ ಬಂದಿತ್ತು. ನಾನು ಧೂಪಕ್ಕೆ ಕೆಂಡ ತರುತ್ತಿದ್ದೆ. ಆಗ ಚಿಕ್ಕವ್ವ ಫೋಟೋದ ಹತ್ತಿರ ಹೋಗಿ ಹೊಸ ಕಣ್ಣಿನಲ್ಲಿ ನೋಡಿದಳು.

"ಏಮಿರಾ ರಂಗಾ, ಎವುರ್ರಾ ಈಯಮ್ಮ?"

ಆಂಧ್ರದ ಗಡಿಯವಳಾದ್ದರಿಂದ ಚಿಕ್ಕವ್ವನಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತದೆ. "ಅವ್ವ ಕಣ್ ಚಿಕ್ಕವ್ವ," ಎಂದೆ.

"ಯಾರವ್ವ? ನಿನ್ನೆಂಡ್ತಿ ಅವ್ವನಾ?"

"ನಮ್ಮಮ್ಮ ಇನ್ನೂ ಗುಂಡುಕಲ್ಲಂಗವ್ಳೆ ಚಿಕ್ಕತ್ತೆ!" ಎಂದು ಸುಜಾತ ಅಡುಗೆಮನೆಯಿಂದಲೇ ಕೂಗಿದಳು.

"ಅಂಗಾದ್ರೆ ನಮ್ಮಕ್ಕನ ಹಚ್ಚೆ ಎಲ್ಲೋಯ್ತಲಾ?"

ಕೆಂಡದ ಸೌಟು ಕೈಯಲ್ಲಿ ಹಿಡಿದುಕೊಂಡೇ ನಾನು ಫೋಟೋ ನೋಡಿದೆ. ದಿನಾ ಊದುಕಡ್ಡಿ ಬೆಳಗುತ್ತಿದ್ದ ಫೋಟೋ. ಅದನ್ನು ಸರಿಯಾಗಿ ನೋಡಿದ್ದು ಅವತ್ತೇ. ನಮ್ಮವ್ವನ ಹಣೆಯ ಮೇಲೂ ಗದ್ದದ ಮೇಲೂ ಹಸಿರು ಹಚ್ಚೆ ಇತ್ತು. ಅವಳು ಹುಡುಗಿಯಾಗಿದ್ದಾಗ ಹಟ್ಟಿಗೆ ಬಂದ ಹಚ್ಚೆಯವಳು, ಕೊಬ್ಬರಿ ಬೆಲ್ಲ ತಿನ್ನಿಸಿ, ನಾಲ್ಕು ಜನ ಹಿಡಿದುಕೊಂಡಾಗ ಹೊಯ್ದದ್ದು. ಫೋಟೋದಲ್ಲಿ ಅದರ ಸುಳಿವಿಲ್ಲ. ಸುಕ್ಕಿಲ್ಲ. ಬಿಸಿಲಲ್ಲಿ ಸುಟ್ಟ ಬಣ್ಣವೂ ಇಲ್ಲ. ಯಾರೋ ಶ್ರೀಮಂತರ ಮನೆಯ, ನೆರಳಲ್ಲೇ ಬೆಳೆದ, ನೋಡಲು ತುಸು ನಮ್ಮವ್ವನ ಹಾಗಿರುವ ಹೆಂಗಸೊಬ್ಬಳು ನಮ್ಮವ್ವನ ಸೀರೆ ಉಟ್ಟುಕೊಂಡು ಕೂತಿದ್ದಳು. ಅವ್ವ ಬದುಕಿದ್ದಾಗಲೇ ಇದು ನಾನಲ್ಲ ಎಂದಿದ್ದಳು, ನಾವು ನಕ್ಕಿದ್ದೆವು.

ಚಿಕ್ಕವ್ವ ಎಡೆಯ ಮುಂದೆ ಅಡ್ಡ ಕೂತುಬಿಟ್ಟಳು. "ಸತ್ತಾಗ ಓಲೆ ಬಿಚ್ಕಂಡ್ರಿ, ಮೂಗುಬಟ್ಟು ಬಿಚ್ಕಂಡ್ರಿ. ಬಿಚ್ಚಕ್ಕಾಗ್ದೆ ಜೊತೀಗೆ ಹೋಗಾದು ಅದೊಂದೇ ಒಡವೆ ಕಣ್ಲಾ. ಅದ್ನೂ ಕಿತ್ಕಂಡ್ರಲ್ಲೋ! ಈಗ ಬಾಗ್ಲಾಕ್ತೀರಿ. ಯಾರ್ ಬಂದು ಉಣ್ತಾರೆ ಒಳ್ಗೆ? ನಮ್ಮಕ್ಕ ಇಣುಕಿ ನೋಡಿ, ಇದ್ಯಾರ್ದೋ ಮನೆ, ಇವ್ಳ್ಯಾರ್ಗೋ ಇಕ್ಕವ್ರೆ ಅಂತ ಅಂಗೇ ತಿರೀಕ್ಕಂಡು ಹೋಗ್ತಾಳೆ. ಹಸ್ಕಂಡು ಹೋಗ್ತಾಳೆ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಕಚೇರಿಯಲ್ಲಿ ಹೇಳಿಕೊಂಡು ತಿರುಗುವವನು. ಆದರೆ ಅವ್ವ ಬಾಗಿಲವರೆಗೂ ಬಂದು ಹಸಿದುಕೊಂಡು ವಾಪಸ್ಸು ಹೋಗುತ್ತಾಳೆ ಎಂದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಲೋಕೇಶನೂ ಹಬ್ಬಕ್ಕೆ ಬಂದಿದ್ದ. ಬಾಡಿನ ವಾಸನೆಗೆ ಹೊರಗಡೆ ಜಗಲಿಯ ಮೇಲೆ ಸುಳಿದಾಡುತ್ತಿದ್ದವನನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದೆ. ಅವನು ಫೋಟೋ ನೋಡಿ, ತಲೆ ಕೆರೆದುಕೊಂಡು, "ಎಐ ಭಾವ ಅದು," ಎಂದ. "ಬ್ಯೂಟಿ ಅಂತ ಒಂದೈತೆ, ಫ್ಯಾಕ್ಟ್ರಿಯಿಂದ ಬರೋವಾಗ್ಲೇ ಆನ್ ಆಗಿರ್ತದೆ. ಅದ್ಕೆ ಹಚ್ಚೆ ಅಂದ್ರೆ ಏನ್ ಗೊತ್ತು? ಏನೋ ಕಲೆ ಅಂದ್ಕಂಡು ಒರೆಸ್ಬುಟ್ಟೈತೆ."

"ತಿರುಗಾ ಹಾಕೋಕೆ ಹೇಳು."

"ಹಾಕಾದು ಕಲ್ತಿಲ್ಲ ಭಾವ ಅದು. ಒರೆಸಾದು ಮಾತ್ರ."

"ಅಲ್ಲಯ್ಯಾ, ಆ ಕಂಪನಿಯವನ ತಾಯಿಗೆ ಕೆನ್ನೆ ಮೇಲೆ ಕಲೆ ಇತ್ತು ಅಂದ್ಯಲ್ಲ, ಗೋಡೆಯಷ್ಟು ದೊಡ್ಡದಾಗಿ ತೋರಿಸಿದ್ರಲ್ಲ, ಅದನ್ಯಾಕೆ ಒರೆಸಲಿಲ್ಲ?"

ಲೋಕೇಶ ಗಂಭೀರನಾದ. "ಅದು ಹಿಸ್ಟ್ರಿ ಭಾವ."

ಆ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಮುರಿದ ಮುಳ್ಳಿನ ಹಾಗೆ ಕೂತಿದೆ. ಅವರ ತಾಯಿಯ ಕಲೆ ಇತಿಹಾಸ, ನಮ್ಮ ತಾಯಿಯ ಹಚ್ಚೆ ಕೊಳೆ. ಆ ತಾಯಿ ಬುಟ್ಟಿ ಹೊತ್ತು ಕನ್ನಡಿ ಮಾರಿದ್ದಕ್ಕೆ ನಾವು ಮಧುಗಿರಿಯಲ್ಲಿ ಕೂತು ಅಳಬೇಕು. ನಮ್ಮವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ನಡೆದದ್ದು ಅವರ ಫೋನಿಗೆ ಮುಖದ ಮೇಲೆ ಬಿದ್ದ ಕಸದ ಹಾಗೆ ಕಂಡಿತು. ಇದ್ದದ್ದನ್ನು ಇದ್ದ ಹಾಗೇ ತೋರಿಸು ಎಂದಿದ್ದಳಂತೆ ಪುಣ್ಯಾತ್ಗಿತ್ತಿ! ಮಗ ಆ ಮಾತನ್ನು ಗೋಡೆಗೆ ಬರೆಸಿದ, ಅಷ್ಟೇ.

"ಆಧಾರ್ ಕಾರ್ಡು!" ಎಂದು ಸುಜಾತ ನೆನಪಿಸಿದಳು. ಆಧಾರ್ ಕಾರ್ಡಿನ ಅವ್ವನ ಫೋಟೋ ನೋಡಿ ನಾವು ಯಾವಾಗಲೂ ನಗುತ್ತಿದ್ದೆವು. ಪೊಲೀಸ್ ಠಾಣೆಯಲ್ಲಿ ಅಂಟಿಸುವಂತಿತ್ತು. ಹುಡುಕಿ ತಂದೆವು. ಅಂಚೆಚೀಟಿಯಷ್ಟು ಜಾಗದಲ್ಲಿ, ಹೊಗೆಯೊಳಗೆ ಅವ್ವ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಹಚ್ಚೆಯೋ ಲ್ಯಾಮಿನೇಷನ್ನಿನ ಗೀಚೋ ತಿಳಿಯುವಂತಿರಲಿಲ್ಲ. "ದೊಡ್ಡದು ಮಾಡಿ ನೋಡಾಣ ತಾಳಿ" ಎಂದು ಲೋಕೇಶ ಉತ್ಸಾಹದಿಂದ ನನ್ನ ಫೋನಿನಲ್ಲೇ ಅದರ ಫೋಟೋ ಹೊಡೆದ. ದೊಡ್ಡದಾಗಿ ಬಂತು. ಹೊಗೆ ಹೋಗಿತ್ತು, ಗೀಚು ಹೋಗಿತ್ತು, ಮುಚ್ಚಿದ್ದ ಕಣ್ಣು ತೆರೆದಿತ್ತು! ಅದೇ ಬೆಳ್ಳನೆಯ ಹೆಂಗಸು ನಮ್ಮನ್ನು ನೋಡಿ ನಗುತ್ತಿದ್ದಳು. ನಾನು ಫೋನು ಕಿತ್ತುಕೊಂಡು ಬಾವಿಗೆ ಎಸೆಯುತ್ತೇನೆಂದು ಹೊರಟೆ. ನಮ್ಮ ಬೀದಿಯಲ್ಲಿ ಬಾವಿಯಿಲ್ಲ ಎಂದು ಸುಜಾತ ನೆನಪಿಸಿದಳು.

ಹೊತ್ತು ಏರುತ್ತಿತ್ತು, ಮುದ್ದೆ ಆರುತ್ತಿತ್ತು. ಕೊನೆಗೆ ಚಿಕ್ಕವ್ವನೇ ಕಣ್ಣೊರೆಸಿಕೊಂಡು, "ಪೆನ್ನು ಐತೇನ್ಲಾ?" ಎಂದಳು. ಕವರಿನ ಮೇಲೆ ಗುರುತು ಹಾಕುವ ಹಸಿರು ಮಾರ್ಕರು ಲೋಕೇಶನ ಜೇಬಿನಲ್ಲಿತ್ತು. ಅದನ್ನು ಚಿಕ್ಕವ್ವ ನನ್ನ ಕೈಗೆ ಕೊಟ್ಟಳು. "ಗಾಜಿನ ಮ್ಯಾಲೆ ಇಕ್ಕು. ಮಗ ನೀನು. ನೀನಿಕ್ಕಿದ್ರೇ ಅವ್ಳಿಗೆ ಸೇರಾದು."

ಫೋಟೋದ ಮುಂದೆ ಮಂಡಿಯೂರಿದೆ. ಮಾರ್ಕರಿನ ಮುಚ್ಚಳ ತೆಗೆದೆ. ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ಗದ್ದದ ಮೇಲೆ ಮೂರು ಚುಕ್ಕಿಯೋ, ಐದೋ? ಸಾಲಾಗಿದ್ದವೋ, ಗುಂಪಾಗಿದ್ದವೋ? ಹಣೆಯ ಮೇಲಿದ್ದದ್ದು ಗೆರೆಯೋ, ಅರ್ಧಚಂದ್ರವೋ? ಅವ್ವನ ಕೈ ನೆನಪಿದೆ. ಕಂಬಳಿ, ಹೊಗೆಸೊಪ್ಪು ಬೆರೆತ ಅವಳ ವಾಸನೆ ನೆನಪಿದೆ. 'ಎದ್ದೇಳ್ಲಾ, ಬಸ್ಸೋಯ್ತದೆ' ಎಂದು ಬೈಯುತ್ತಿದ್ದ ದನಿ ನೆನಪಿದೆ. ಹಚ್ಚೆ ನೆನಪಿಲ್ಲ. ಹುಟ್ಟಿದಾರಭ್ಯ ನೋಡಿದ ಮುಖ, ಅದರ ಮೇಲೆ ಏನು ಬರೆದಿತ್ತು ಎಂದು ನಾನು ಒಮ್ಮೆಯೂ ಓದಿರಲಿಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಮಾಡುತ್ತಿದ್ದ ಹಾಗೆ ಓರೆಗಣ್ಣಿನಲ್ಲಿ ಪಕ್ಕಕ್ಕೆ, ಚಿಕ್ಕವ್ವನ ಗದ್ದದ ಕಡೆಗೆ ನೋಡಿದೆ. ಅವಳಿಗೂ ಹಚ್ಚೆ ಇದೆಯಲ್ಲ.

"ಅದು ನಂದು ಕಣ್ಲಾ," ಎಂದಳು ಚಿಕ್ಕವ್ವ, ಮೆಲ್ಲಗೆ. "ನಂದ್ ನೋಡ್ಕಂಡು ಅವ್ಳಿಗೆ ಇಕ್ತೀಯಾ?"

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ನನ್ನ ಕೈಯಿಂದ ಮಾರ್ಕರು ತೆಗೆದುಕೊಂಡಳು. ಪೆನ್ನು ಹಿಡಿದು ಅಭ್ಯಾಸವಿಲ್ಲದವಳು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಹಣೆಯ ಮೇಲೊಂದು ಸಣ್ಣ ಗೆರೆ ಎಳೆದು ಅದರ ಎರಡೂ ಪಕ್ಕ ಚುಕ್ಕಿ ಇಟ್ಟಳು. ಗದ್ದದ ಮೇಲೆ ಮೂರು ಚುಕ್ಕಿ, ಒಂದು ಮಾತ್ರ ಸಾಲು ತಪ್ಪಿ ಆಚೆ. "ಇದ್ನ ಹೊಯ್ಯೋವಾಗ ನೋವಿಗೆ ತಲೆ ಕೊಡವ್ಬುಟ್ಳು. ಅದ್ಕೇ ಸೊಟ್ಟಗೈತೆ. ನಾನು ಎದುರ್ಗೇ ಕುಂತಿದ್ದೆ, ಮುಂದಿನ್ ಸರದಿ ನಂದು," ಎಂದಳು. ಆ ಸೊಟ್ಟ ಚುಕ್ಕಿ ಬಿದ್ದದ್ದೇ ತಡ, ಆ ಪರದೇಶದ ಹೆಂಗಸಿನ ಮುಖದ ಹಿಂದಿನಿಂದ ನಮ್ಮವ್ವ ಒಂದಿಷ್ಟು ಈಚೆಗೆ ಬಂದಳು. ನನಗೆ ಅಳು ತಡೆಯಲಾಗಲಿಲ್ಲ. ಧೂಪದ ಹೊಗೆ ಎಂದು ಹೇಳಿ ಎಲ್ಲರಿಗಿಂತ ಮೊದಲು ನಾನೇ ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆವು. ಜಗಲಿಯ ಮೇಲೆ ಲೋಕೇಶ ಯಾವ ಕಥೆಗೂ ಶುರುವಿಡಲಿಲ್ಲ.

ಊಟವಾದ ಮೇಲೆ ಚಿಕ್ಕವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಂದೂ ಒಂದು ತಗೀಲಾ, ಹಚ್ಚೆ ಕಾಣಂಗೆ. ನಾನೋದ್ಮ್ಯಾಲೆ ಪೆನ್ನಿಡ್ದು ಇಕ್ಕೋಕೆ ಯಾರವ್ರೆ? ನೀನೂ ಪಕ್ದಾಗೆ ಕುಂತ್ಕ, ಅಕ್ಕನ ಮಗ," ಎಂದಳು. ಲೋಕೇಶ ಫೋನಿನೊಳಗೆ ಎಲ್ಲೆಲ್ಲೋ ಹೊಕ್ಕು ಆ ಬ್ಯೂಟಿ ಎನ್ನುವುದನ್ನು ಆಫ್ ಮಾಡಿದ. ಜಗಲಿಯ ಮೇಲೆ ಒತ್ತಾಗಿ ಕೂತೆವು. ಹೊಡೆದ. ಚಿಕ್ಕವ್ವ ನೋಡಿ, ತನ್ನ ಗದ್ದವನ್ನು ಒಮ್ಮೆ ಮುಟ್ಟಿಕೊಂಡು, "ಆಂ, ಇವ್ಳು ನಾನು," ಎಂದಳು. ಅವಳ ಒಂದೊಂದು ಚುಕ್ಕಿಯೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು.

ಆಮೇಲೆ ನಾನು ನೋಡಿಕೊಂಡೆ. ಚಿಕ್ಕವ್ವನ ಪಕ್ಕದಲ್ಲಿ ಯಾರೋ ಒಬ್ಬ ಕೂತಿದ್ದ. ಕಣ್ಣ ಕೆಳಗೆ ಚೀಲ ನೇತಾಡುತ್ತಿತ್ತು, ಕೆನ್ನೆಯ ಮೇಲೆ ಬಂಗು, ನೆತ್ತಿಯ ಮೇಲೆ ಹೇಳಿಕೊಳ್ಳುವಂಥದ್ದೇನೂ ಉಳಿದಿರಲಿಲ್ಲ. ಇಷ್ಟು ದಿನ ದೊಡ್ಡಣ್ಣ ನನಗೆ ತೋರಿಸುತ್ತಿದ್ದವನು ಇವನಲ್ಲ. ಕಚೇರಿಯ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತುತ್ತಿದ್ದದ್ದು ಇವನಿಗಲ್ಲ.

"ಚಿಕ್ಕವ್ವ, ಕಣ್ಣು ಮುಚ್ಬುಟ್ಟಿದ್ದೀಯ. ಇನ್ನೊಂದು ತೆಗೀತೀವಿ ತಾಳು," ಎಂದೆ. ಅವಳು ಪಾಪ, ಕಣ್ಣು ಅಗಲ ಮಾಡಿಕೊಂಡು ಮತ್ತೆ ಕೂತಳು. ಲೋಕೇಶನ ಕೈಗೆ ಕೊಡುವ ಮುಂಚೆ ಹೆಬ್ಬೆರಳಲ್ಲಿ ಆ ಬ್ಯೂಟಿಯನ್ನು ತಿರುಗಾ ಆನ್ ಮಾಡಿದೆ. ಅದು ಎಲ್ಲಿದೆ ಎಂದು ಆಗಲೇ ನೋಡಿಕೊಂಡಿದ್ದೆನಲ್ಲ. ಮೊದಲಿನದನ್ನು ಅಳಿಸಿದೆ.

ಈಗ ನನ್ನ ವಾಟ್ಸಾಪಿನಲ್ಲಿ ಇರುವುದು ಆ ಎರಡನೆಯ ಫೋಟೋ. ತುಂಬಾ ಚೆನ್ನಾಗಿ ಬಂದಿದ್ದೀರಿ ಎಂದು ಎಲ್ಲರೂ ಹೇಳುತ್ತಾರೆ. ಪಕ್ಕದಲ್ಲಿರುವ ಬೆಳ್ಳನೆಯ ಹೆಂಗಸು ಯಾರು ಎಂದು ಒಬ್ಬಿಬ್ಬರು ಕೇಳುತ್ತಾರೆ. ನಮ್ಮ ಚಿಕ್ಕವ್ವ ಎಂದರೆ, ಅವಳನ್ನು ಕಂಡವರು ಯಾರೂ ನಂಬುವುದಿಲ್ಲ.